ಸುಣ್ಣದ ಗೆರೆಯ ಮನೆ

ಲಾಡಲೇಸಾಬ ಚಾಚಾನ ಹೊಸ ಮನೆಯಲ್ಲಿ ನಾನು ಎಷ್ಟೋ ಶುಕ್ರವಾರ ಊಟ ಮಾಡಿದ್ದೇನೆ. ಆ ಮನೆಗೆ ಗೋಡೆ ಇರಲಿಲ್ಲ, ಛಾವಣಿ ಇರಲಿಲ್ಲ, ಬಾಗಿಲೂ ಇರಲಿಲ್ಲ. ಟಿಕೋಟಾ ರಸ್ತೆಯ ಬದಿಯ ಎರೆಮಣ್ಣಿನ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಎಳೆದ ಗೆರೆಗಳಿದ್ದವು, ಅಷ್ಟೇ. ಹಾಗಂತ ಆ ಗೆರೆಯನ್ನು ಎಲ್ಲೆಂದರಲ್ಲಿ ದಾಟುವಂತಿರಲಿಲ್ಲ.

ಮೊದಲ ಸಲ ಹೋದಾಗ ನನಗೆ ಇದು ಗೊತ್ತಿರಲಿಲ್ಲ. ಬಸ್ಸಿಳಿದವನು ನೆಟ್ಟಗೆ ನಡೆದು, ಚಾಪೆ ಹಾಸಿ ಕುಳಿತಿದ್ದ ಗಂಡಹೆಂಡತಿಯ ಮುಂದೆ ಹೋಗಿ ನಿಂತೆ. ಚಾಚಾನ ಹೆಂಡತಿ ಸುಗರಾಬಿ ಚಾಚಿ ಗಾಬರಿಯಾಗಿ ಕೈ ಎತ್ತಿದರು.

"ಅಯ್ಯ ಶಿವಾಜಿ, ಗ್ವಾಡಿ ಒಡಕೊಂಡು ಬಂದ್ಯಲ್ಲೋ! ಬಾಗಲಾ ಆ ಕಡೆ ಐತಿ."

ನಾನು ನಕ್ಕೆ. ಅವರಿಬ್ಬರೂ ನಗಲಿಲ್ಲ. ಬೇರೆ ದಾರಿ ಕಾಣದೆ ಹೊರಗೆ ಹೋಗಿ, ಸುತ್ತು ಹಾಕಿ, ಗೆರೆ ಬಿಟ್ಟಿದ್ದ ಜಾಗದಲ್ಲಿ ಚಪ್ಪಲಿ ಕಳಚಿ ಒಳಗೆ ಬಂದೆ. ಆಮೇಲೆ ಚಾಚಿ "ಬಾ ಯಪ್ಪಾ, ಕೂಡು" ಎಂದು ತಟ್ಟೆ ಇಟ್ಟರು. ಜೋಳದ ರೊಟ್ಟಿ, ಖೀಮಾ, ಉಳ್ಳಾಗಡ್ಡಿ, ಮೇಲೆ ಹಿಂಡಿಕೊಳ್ಳಲು ಲಿಂಬೆ. ಹಿಂಡಿದ ಹೋಳುಗಳನ್ನು ಚಾಚಿ ಅಡುಗೆಮನೆಯ ಮೂಲೆಗೆ ಎಸೆದರು. ಅಡುಗೆಮನೆ ಎಂದರೆ ಇನ್ನೊಂದು ಗೆರೆಯ ಆಚೆಯ ಮಣ್ಣು.

ಸ್ಟೇಷನ್ ರಸ್ತೆಯಲ್ಲಿ ನನ್ನದು ಚಸ್ಮಾದ ಅಂಗಡಿ. ಪಕ್ಕದ್ದೇ ಚಾಚಾನ ಟ್ರಂಕಿನ ಅಂಗಡಿ. ಮದುವೆಯಾಗಿ ಹೋಗುವ ಹುಡುಗಿಯರಿಗೆ, ಹಾಸ್ಟೆಲ್ಲಿಗೆ ಹೋಗುವ ಹುಡುಗರಿಗೆ ತಗಡು ಬಡಿದು ಟ್ರಂಕು ಮಾಡಿಕೊಡುವುದು ಅವರ ಕೆಲಸ. ಅವರು ಬಡಿಯುವಾಗ ನನ್ನ ಅಂಗಡಿಯ ಕನ್ನಡಿಗಳೆಲ್ಲ ನಡುಗುತ್ತವೆ. ಇಷ್ಟು ವರ್ಷ ಜಗಳವಾಡದೆ ಹೇಗಿದ್ದೀರಿ ಎಂದು ಗಿರಾಕಿಗಳು ಕೇಳುತ್ತಾರೆ. ದಿನಕ್ಕೊಂದು ಸಲ ಆಡುತ್ತೇವೆ, ಆಮೇಲೆ ಚಹಾ ಕುಡಿಯುತ್ತೇವೆ.

ಆ ಚಹಾದ ಅಂಗಡಿಯಲ್ಲೇ ಅವರಿಗೆ ಈ ಹುಚ್ಚು ಹತ್ತಿದ್ದು. ನಮ್ಮ ವಿಜಯಪುರದಲ್ಲಿ ಪ್ರತಿಯೊಬ್ಬ ಗಂಡಸಿಗೂ ತಾನು ಕೊಳ್ಳದೆ ಬಿಟ್ಟ ಒಂದು ಪ್ಲಾಟು ಇರುತ್ತದೆ. "ಅವತ್ತ ತೊಗೊಂಡಿದ್ರ ಇವತ್ತ ರಾಜಾ ಆಗಿರ್ತಿದ್ದೆ" ಎಂದು ನಿಟ್ಟುಸಿರು ಬಿಡದವರು ಆ ಬೆಂಚಿನ ಮೇಲೆ ಕೂರುವಂತೆಯೇ ಇಲ್ಲ. ಚಾಚಾನಿಗೆ ಹೇಳಿಕೊಳ್ಳಲು ಅಂಥ ದುಃಖ ಕೂಡ ಇರಲಿಲ್ಲ. ಅವರನ್ನು ಯಾರೂ ಯಾವತ್ತೂ ಪ್ಲಾಟು ಬೇಕೇ ಎಂದು ಕೇಳಿರಲಿಲ್ಲ. ಹೀಗಿರುವಾಗ ಬಾಬು ಎಂಬ ಏಜಂಟ ಬಂದು ಅವರ ಪಕ್ಕದಲ್ಲೇ ಕುಳಿತು, ಅವರನ್ನೇ ನೋಡುತ್ತ ಮಾತಾಡಿದ. ಟಿಕೋಟಾ ರಸ್ತೆಗೆ ಹೊಸ ಲೇಔಟು, ಮುಂದೆ ಆಸ್ಪತ್ರೆ ಬರುತ್ತದೆ, ಕಾಲೇಜು ಬರುತ್ತದೆ, ಇವತ್ತು ಬಿಟ್ಟರೆ ನಾಳೆ ಇಲ್ಲ. ಚಾಚಾ ಕೂಡಿಟ್ಟದ್ದನ್ನೆಲ್ಲ ತಂದು ಸುರಿದರು. ಅವತ್ತು ಅವರ ಮುಖ ನೋಡಬೇಕಿತ್ತು. ಬೆಂಚಿನ ಮೇಲೆ ಅವರಿಗೂ ಒಂದು ಜಾಗ ಸಿಕ್ಕಿತ್ತು.

ನನಗೆ ಹಿರಿಯರ ಮನೆ ಇದೆ, ಹೀಗಾಗಿ ಈ ಹುಚ್ಚು ಹತ್ತಲಿಲ್ಲ. ಹತ್ತಿದವರನ್ನು ಆಡಿಕೊಳ್ಳುವ ಚಟ ಮಾತ್ರ ಹತ್ತಿತು.

ಮರುದಿನವೇ ಚಾಚಾ ಬಸ್ಸಿಗೆ ಹೋಗಿ, ಬಸ್ ನಿಲ್ಲುವ ಕಡೆಯಿಂದ ಸಾಲು ಎಣಿಸಿ, ತಮ್ಮ ಪ್ಲಾಟು ಗುರುತಿಸಿ, ನಡುವೆ ಒಂದು ಬೇವಿನ ಸಸಿ ನೆಟ್ಟು ಬಂದರು. ಗಡಿಗೆ ಹಾಕಿದ್ದ ಕಲ್ಲುಗಳನ್ನು ಮೊದಲ ಮಳೆಗಾಲದಲ್ಲೇ ಯಾರೋ ಕಿತ್ತುಕೊಂಡು ಹೋದರು. ಚಾಚಾ ತಲೆ ಕೆಡಿಸಿಕೊಳ್ಳಲಿಲ್ಲ. ಬೇವು ಇದೆಯಲ್ಲ.

ಶುಕ್ರವಾರ ಟ್ರಂಕಿನ ಅಂಗಡಿ ಬಂದ್. ಜುಮ್ಮಾ ನಮಾಜು ಮುಗಿಸಿ ಇಬ್ಬರೂ ಟಿಕೋಟಾ ಬಸ್ಸು ಹತ್ತುತ್ತಿದ್ದರು. ಒಂದು ಚೀಲದಲ್ಲಿ ಬುತ್ತಿ, ಇನ್ನೊಂದರಲ್ಲಿ ಸುಣ್ಣದ ಡಬ್ಬಿ. ಡಬ್ಬಿಯ ತಳಕ್ಕೆ ಮೊಳೆ ಹೊಡೆದು ತೂತು ಮಾಡಿದ್ದರು. ಅಲುಗಾಡಿಸುತ್ತ ನಡೆದರೆ ಸಾಕು, ಗೆರೆ ಬೀಳುತ್ತಿತ್ತು. ವಾರವಿಡೀ ಗಾಳಿಯೂ ಕುರಿಗಳೂ ಸೇರಿ ಕೆಡಿಸಿದ ಮನೆಯನ್ನು ಚಾಚಾ ಸಾವಕಾಶ ಮತ್ತೆ ಕಟ್ಟುತ್ತಿದ್ದರು. ನಂತರ ಚಾಚಿ ಪಡಸಾಲೆಯಲ್ಲಿ ಕಾಲು ಚಾಚಿ ಕೂರುವರು, ಚಾಚಾ ಬೇವಿಗೆ ನೀರು ಹಾಕುವರು. ದ್ರಾಕ್ಷಿ ತೋಟಗಳ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಹೊನವಾಡದ ಬಸ್ಸು ದೂರದಲ್ಲಿ ಸದ್ದಿಲ್ಲದೆ ಹೋಗುತ್ತಿತ್ತು. ಹೊನವಾಡ ಚಾಚಿಯ ತವರು. ಬಸ್ಸು ಕಣ್ಣಿಗೆ ಮರೆಯಾಗುವವರೆಗೂ ಅವರು ಇಲ್ಲದ ಕಿಟಕಿಯಿಂದ ನೋಡುತ್ತಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಸುಣ್ಣದ ಗೆರೆಗಳು ಮಣ್ಣಿನಿಂದ ಸ್ವಲ್ಪ ಮೇಲೆದ್ದಂತೆ ಕಾಣುತ್ತಿದ್ದವು. ಸುಳ್ಳು ಯಾಕೆ ಹೇಳಲಿ, ಒಂದೆರಡು ಸಲ ನನಗೂ ಗೋಡೆಗಳು ಕಂಡಿವೆ.

ಆದರೆ ಆ ಮನೆ ಒಂದೇ ಅಳತೆಯಲ್ಲಿ ನಿಲ್ಲಲಿಲ್ಲ. ಬಾಬು ಬಂದು "ರೇಟ್ ಏರೈತಿ ಚಾಚಾ" ಎಂದ ವಾರ ಪಡಸಾಲೆ ದೊಡ್ಡದಾಗುತ್ತಿತ್ತು. ಮತ್ತೊಮ್ಮೆ ಏರಿದಾಗ ಮೆಟ್ಟಿಲು ಬಂತು. ಸುಣ್ಣದ ಆರೇಳು ಅಡ್ಡಗೆರೆ, ಅದನ್ನು ದಾಟಿದರೆ ಮಹಡಿ. ಮಹಡಿಯಲ್ಲಿ ಚಾಚಾ ದನಿ ತಗ್ಗಿಸಿ ಮಾತಾಡುತ್ತಿದ್ದರು, ಕೆಳಗೆ ಯಾರೋ ಮಲಗಿದ್ದಾರೆ ಎನ್ನುವಂತೆ. ಬೈಪಾಸು ಬೇರೆ ಕಡೆ ಹೋಗುತ್ತದಂತೆ ಎಂಬ ಸುದ್ದಿ ಬಂದು ರೇಟು ಇಳಿದಾಗ ಮನುಷ್ಯ ಎರಡು ದಿನ ಊಟ ಬಿಟ್ಟರು. ಕೈಗೆ ಒಂದು ಪೈಸೆ ಬಂದಿರಲಿಲ್ಲ, ಕೈಯಿಂದ ಒಂದು ಪೈಸೆ ಹೋಗಿರಲಿಲ್ಲ. ಆದರೂ ಒಂದು ತಿಂಗಳು ಶ್ರೀಮಂತ, ಇನ್ನೊಂದು ತಿಂಗಳು ಬಡವ. ಶ್ರೀಮಂತನಾದ ತಿಂಗಳು ನಮಗೆಲ್ಲ ಚಹಾ ಅವರದೇ.

"ಒಂದೋ ಮಾರ್ರಿ, ಇಲ್ಲಾ ಕಟ್ರಿ ಚಾಚಾ," ನಾನು ರೇಗುತ್ತಿದ್ದೆ.

"ಈಗ ಮಾರಿದ್ರ ನಾಳೆ ಏರತೈತಿ, ಲುಕ್ಸಾನ. ಈಗ ಕಟ್ಟಿದ್ರ ಎರಡ ಖೋಲಿ ಆಗ್ತಾವ. ಇನ್ನೊಂದು ವರ್ಷ ತಡದ್ರ…"

"ತಡದ್ರ ಏನಾಗ್ತೈತಿ?"

ಅವರು ತಗಡು ಬಡಿಯಲು ಶುರು ಮಾಡುತ್ತಿದ್ದರು. ನನ್ನ ಕನ್ನಡಿಗಳು ನಡುಗುತ್ತಿದ್ದವು.

ನನ್ನ ಸಿಟ್ಟಿಗೆ ಕಾರಣ ಚಾಚಿ. ಅವರ ಬಾಡಿಗೆ ಮನೆ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ, ಕಡಿದಾದ ಕಲ್ಲು ಮೆಟ್ಟಿಲು ಹತ್ತಿ ಹೋಗಬೇಕಾದ ಮೇಲಿನ ಮನೆ. ಚಾಚಿಯ ಮೊಣಕಾಲು ಕೈಕೊಡುತ್ತ ಬಂದಿತ್ತು. ನೆಲದ ಮೇಲೆ ಬಾಗಿಲಿರುವ ಒಂದು ಮನೆ, ಎದ್ದರೆ ಹೊರಗೆ ಬರಬಹುದಾದ ಮನೆ: ಅವರಿಗೆ ಬೇಕಾಗಿದ್ದುದು ಇಷ್ಟೇ. ಪ್ಲಾಟಿನಲ್ಲಿ ಸುಣ್ಣದ ಮೆಟ್ಟಿಲು ದಾಟುವಾಗ ಅವರು, "ನನ್ನ ಮೊಣಕಾಲಿಗೆ ಈ ಪಾವಟಿಗಿ ಭಾಳ ಹಿಡಿಸ್ಯಾವು ನೋಡ" ಎಂದು ನಗುತ್ತಿದ್ದರು. ಆ ನಗು ಕೇಳಿದರೆ ನನಗೆ ಚಾಚಾನ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ಮಳೆಗಾಲ ಕಳೆದ ಮೇಲೆ ಒಂದು ಶುಕ್ರವಾರ ಚಾಚಿ ಬುತ್ತಿ ಕಟ್ಟಿದರು, ಆದರೆ ತಾವು ಏಳಲಿಲ್ಲ.

"ನೀವು ಹೋಗಿ ಬರ್ರಿ. ಒರಗಾಕ ಒಂದು ಗ್ವಾಡಿ ಆದ ಮ್ಯಾಲೆ ನಾ ಬರ್ತೇನಿ."

ಜಗಳವಿಲ್ಲ, ಅಳುವಿಲ್ಲ. ಚಾಚಾ ಒಬ್ಬರೇ ಹೋದರು, ಗೆರೆ ಎಳೆದರು, ಪಡಸಾಲೆಯಲ್ಲಿ ಕುಳಿತು ಬುತ್ತಿ ಬಿಚ್ಚದೆ ವಾಪಸ್ಸು ತಂದರು. ಮರುದಿನ ನನ್ನ ಅಂಗಡಿಗೆ ಬಂದು, "ಪಾಯಾ ತಗಸ್ತೇನಿ ಶಿವಾಜಿ" ಎಂದರು. ನಾನು ಎದ್ದು ಅವರನ್ನು ತಬ್ಬಿಕೊಂಡೆ. ಎರಡು ಕೋಣೆಗೆ ಸಾಲುವಷ್ಟು ಅವರು ಮತ್ತೆ ಯಾವತ್ತೋ ಕೂಡಿಟ್ಟಿದ್ದರು. ಧೈರ್ಯ ಮಾತ್ರ ಕೂಡಿ ಬಂದಿರಲಿಲ್ಲ.

ಪಾಯ ತೆಗೆಯುವ ಮುಂಚೆ ಅಳತೆ ಮಾಡಿಸಬೇಕಲ್ಲ. ಮೋಜಣಿಯವರು ನಕ್ಷೆ ಹಿಡಿದು, ಟೇಪು ಎಳೆದು, ಬೇವಿನ ಗಿಡದ ಹತ್ತಿರ ಬಂದು ನಿಲ್ಲಬೇಕಾದವರು ನಿಲ್ಲಲಿಲ್ಲ. ಮುಂದೆ ಹೋಗಿ ಪಕ್ಕದ ಖಾಲಿ ಜಾಗದಲ್ಲಿ ಗೂಟ ಹೊಡೆದರು.

"ನಿಮ್ಮ ಪ್ಲಾಟ ಇದು ನೋಡ್ರಿ. ಗಿಡ ಇರೂದು ನಿಮ್ಮದಲ್ಲ."

ನಕ್ಷೆಯಲ್ಲಿ ನಂಬರು ಶುರುವಾಗುವುದು ಬಬಲೇಶ್ವರದ ಕಡೆಯ ಬಂಡಿದಾರಿಯಿಂದ. ಚಾಚಾ ಎಣಿಸಿದ್ದು ಬಸ್ಸು ನಿಲ್ಲುವ ಕಡೆಯಿಂದ. ಬಸ್ಸಿನಲ್ಲಿ ಹೋಗುವವನಿಗೆ ಊರು ಶುರುವಾಗುವುದು ಬಸ್ಸಿಳಿದಲ್ಲಿಯೇ ಅಲ್ಲವೇ? ಅವರ ಪ್ಲಾಟು ಸಾಲಿನ ನಟ್ಟನಡುವಿನ ಎರಡರಲ್ಲಿ ಒಂದು. ಬೇರೆ ತುದಿಯಿಂದ ಎಣಿಸಿದ್ದಕ್ಕೆ ಅದೇ ನಂಬರು ಜೋಡಿಯ ಇನ್ನೊಂದರ ಮೇಲೆ ಹೋಗಿ ಕೂತಿತ್ತು. ಹತ್ತಿರ ಹತ್ತು ವರ್ಷ ಅವರು ಬೇರೆಯವರ ಮನೆಯಲ್ಲಿ ಊಟ ಮಾಡಿದ್ದರು.

ಚಾಚಾ ಕುಸಿದು ಪಡಸಾಲೆಯಲ್ಲಿ ಕುಳಿತರು. ಮರುಕ್ಷಣ ಮುಳ್ಳು ಚುಚ್ಚಿದವರಂತೆ ಎದ್ದರು. ಅದು ಅವರ ಪಡಸಾಲೆಯಲ್ಲ.

"ಯಾಕ ಇಷ್ಟು ಚಿಂತಿ ಮಾಡ್ತೀರಿ ಚಾಚಾ?" ಎಂದ, ಅಳತೆಗೆ ಬಂದಿದ್ದ ಬಾಬು. "ಅದ ಅಳತಿ, ಅದ ಮಣ್ಣು, ಅದ ರೇಟ. ಕೂದಲದಷ್ಟೂ ಫರಕಿಲ್ಲ."

ಬಾಬು ಹೇಳಿದ್ದು ನೂರಕ್ಕೆ ನೂರು ನಿಜ. ಆ ನಿಜದಿಂದ ಚಾಚಾನಿಗೆ ಮೂರು ಕಾಸಿನ ಪ್ರಯೋಜನವಾಗಲಿಲ್ಲ. ತಮ್ಮ ಸ್ವಂತ ಜಾಗದಲ್ಲಿ ಅವರು ನೆಂಟರ ಮನೆಗೆ ಬಂದವರಂತೆ ಕೈ ಕಟ್ಟಿಕೊಂಡು ನಿಂತಿದ್ದರು. ಅಲ್ಲಿ ಬೇವಿಲ್ಲ, ಕಿಟಕಿಯಿಲ್ಲ, ಚಾಚಿ ನಕ್ಕ ಮೆಟ್ಟಿಲಿಲ್ಲ. ಬರೀ ಜಾಗ.

ಆದರೆ ಬಾಬುನೇ ಒಂದು ದಾರಿಯನ್ನೂ ಹೇಳಿದ. ಬೇವಿನ ಪ್ಲಾಟು ಕಾಖಂಡಕಿಯ ಅಮೋಘಿ ಮತ್ತು ಅವನ ಹೆಂಡತಿ ರೇಣುಕಾ ಅವರದು, ಹೊಲಮನಿ ಮಾಡಿಕೊಂಡಿರುವ ಜನ. ಅದನ್ನು ಹೇಗಾದರೂ ಮಾರಿಸಿಬಿಡು ಎಂದು ಎಷ್ಟೋ ವರ್ಷದಿಂದ ಬಾಬುವಿನ ಬೆನ್ನು ಬಿದ್ದಿದ್ದಾರೆ. ಅದಲು ಬದಲು ಎಂದರೆ ಕುಣಿದು ಒಪ್ಪುತ್ತಾರೆ.

ಮುಂದಿನ ಶುಕ್ರವಾರ ಅವರು ಬಂದರು. ಅಮೋಘಿ ಗೆರೆಯ ಹೊರಗೇ ನಿಂತ. ರೇಣುಕಾ ಅವನಿಗಿಂತ ಒಂದು ಮಾರು ಹಿಂದೆ.

"ಈ ಬಿಳೇ ಗೆರಿ ನೀವು ಹಾಕಿದ್ರೇನ್ರಿ?" ಅಮೋಘಿ ಕೇಳಿದ.

"ಹೌದ್ರಿ, ನಾನ."

"ಮತ್ತ ಆ ಲಿಂಬಿಹಣ್ಣು?"

"ಅವು ನಮ್ಮಾಕಿ ಊಟದಾಗ ಹಿಂಡಿ ಒಗದದ್ದು."

ಅಮೋಘಿ ಹೆಂಡತಿಯ ಕಡೆ ತಿರುಗಿ ನೋಡಿದ. ಆಕೆ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. ನಂತರ ಇಬ್ಬರೂ ಬಿದ್ದು ಬಿದ್ದು ನಗತೊಡಗಿದರು.

"ನಾವು ಮಾಟ ಮಾಡ್ಸ್ಯಾರ ಅಂತ ತಿಳಿದಿದ್ವಿರಿ! ಬಂದಾಗೊಮ್ಮೆ ಗೆರಿ ಹೊಸಾದು, ಲಿಂಬಿಹಣ್ಣು ಹೊಸಾದು. ಹೆದರಿ ಒಳಗ ಕಾಲ ಇಟ್ಟಿಲ್ಲ. ಬಂದ ಗಿರಾಕಿನೂ ಹಂಗ ಓಡಿ ಹೋಗ್ತಿದ್ರು."

ಚಾಚಾ ಕೂಡ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎದೆಯ ಭಾರ ಇಳಿದು ಅವರಿಗೆ ಒಮ್ಮೆಲೇ ಹುಡುಗಾಟ ಬಂತು. "ಬರ್ರಿ, ಬರ್ರಿ, ಬಾಗಲದಿಂದ ಬರ್ರಿ" ಎಂದು ಅವರನ್ನು ಒಳಗೆ ಕರೆದು ಮನೆ ತೋರಿಸತೊಡಗಿದರು.

ನಾನು ಕಣ್ಣು ಸನ್ನೆ ಮಾಡಿದೆ, ಕೆಮ್ಮಿದೆ, ಕೊನೆಗೆ ಅಂಗಿ ಹಿಡಿದು ಎಳೆದೆ. ತಗಡು ಕೊಳ್ಳುವಾಗ "ಹಾಳ ಮಾಲ" ಎಂದು ಮೂಗು ಮುರಿಯುವ ವ್ಯಾಪಾರಸ್ಥ ನಮ್ಮ ಚಾಚಾ. ಬೇಕಾದ ವಸ್ತುವನ್ನು ಬೇಡ ಎನ್ನುವ ಮುಖದಿಂದ ನೋಡಬೇಕು ಎಂದು ನನಗೆ ಕಲಿಸಿದವರೇ ಅವರು. ಅವತ್ತು ಅದೆಲ್ಲ ಗಾಳಿಗೆ ಹೋಯಿತು. "ಇದು ಪಡಸಾಲಿ. ಇಲ್ಲಿ ಕುಂತ್ರ ಗಾಳಿ ಹೆಂಗ ಬರ್ತೈತಿ ನೋಡವ್ವಾ. ಇದು ಅಡಗಿ ಮನಿ, ಮುಂಜಾನಿ ಬಿಸಿಲು ಒಲಿ ಮ್ಯಾಲೆ ಬೀಳತೈತಿ. ಮ್ಯಾಲೆ ಬಾ, ಸಾವಕಾಶ, ಪಾವಟಿಗಿ ಅದಾವ." ರೇಣುಕಾ ಸೀರೆಯ ನಿರಿಗೆ ಸ್ವಲ್ಪ ಎತ್ತಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ಮಹಡಿಯಲ್ಲಿ ಬಹಳ ಹೊತ್ತು ನಿಂತಳು. ಸಂಜೆಯ ಗಾಳಿಗೆ ಬೇವು ಅಲುಗುತ್ತಿತ್ತು. ಆಕೆಯ ಮುಖ ಬದಲಾಗುವುದನ್ನು ನಾನು ನೋಡಿದೆ. ಆ ಮುಖ ನನಗೆ ಚೆನ್ನಾಗಿ ಪರಿಚಯವಿತ್ತು. ವಾರವಾರವೂ ಅದನ್ನು ಚಾಚಾನಲ್ಲಿ ನೋಡಿದ್ದೆ.

ಇಳಿದು ಬಂದು ಆಕೆ ಹೇಳಿದಳು:

"ಕಾಕಾರ, ಬದಲಿ ಮಾಡೂದು ಬ್ಯಾಡ್ರಿ."

"ಯಾಕವ್ವಾ?"

"ನಿನ್ನಿ ತನಾ ಈ ಜಾಗಾ ನೆನಿಸಿದ್ರ ಹೆದರಿಕಿ ಬರ್ತಿತ್ತು. ನೀವು ಇಷ್ಟು ಜೀವಾ ಇಟ್ಟೀರಿ ಅಂದ ಮ್ಯಾಲೆ ಇದರಾಗ ಏನೋ ಛಲೋದು ಐತಿ. ನಾವ ಇಟ್ಕೋತೇವಿ." ನಂತರ ದನಿ ಮೆತ್ತಗೆ ಮಾಡಿಕೊಂಡು, "ಗಿಡಾ ನಿಮ್ದರಿ. ಬಂದು ನೀರ ಹಾಕ್ರಿ" ಎಂದಳು.

ಅಮೋಘಿ ಏನೋ ಹೇಳಲು ಬಾಯಿ ತೆರೆದ. ಆಕೆ ಅವನನ್ನು ನೋಡಿದಳು. ಅವನು ಬಾಯಿ ಮುಚ್ಚಿಕೊಂಡ.

ಆ ವಾರ ತಗಡಿನ ಸದ್ದು ಕೇಳಲಿಲ್ಲ, ನನ್ನ ಕನ್ನಡಿಗಳು ಸುಮ್ಮನಿದ್ದವು. ಅಷ್ಟು ವರ್ಷ ಬೈದ ಸದ್ದಿಗಾಗಿ ನಾನು ಕಿವಿಗೊಟ್ಟು ಕೂರುತ್ತಿದ್ದೆ. ಕಡೆಗೊಂದು ದಿನ ಅವರೇ ಬಂದು ಹೇಳಿದರು, "ಮಾರಿಬಿಡ್ತೇನಿ. ಬಾಬು ಗಿರಾಕಿ ತಂದಾನ. ಆ ಬರೇ ಜಾಗದಾಗ ನನಗ ಮನಿ ಕಾಣಂಗಿಲ್ಲ ಶಿವಾಜಿ."

"ಚಾಚಿ?"

"ಆಕಿಗೆ ಹೆಂಗ ಹೇಳಲಿ ಅನ್ನೂದ ತಿಳೀವಲ್ದು."

ಅವರು ಹೇಳಲಿಲ್ಲ, ನಾನು ಹೇಳಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿ ಮುಚ್ಚಿ ಹೋಗಿ, ಒಂದೂ ಬಿಡದೆ ಹೇಳಿದೆ. ಚಾಚಿ ಅಕ್ಕಿ ಆರಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡು ಮೊರ ಪಕ್ಕಕ್ಕಿಟ್ಟರು.

"ಶುಕ್ರಾರ ಒಂದು ಆಟೋ ತೊಗೊಂಡು ಬಾ."

ಶುಕ್ರವಾರ ಅವರು ಆ ಕಲ್ಲು ಮೆಟ್ಟಿಲುಗಳನ್ನು ಕುಳಿತುಕೊಂಡೇ ಇಳಿದರು. ಒಂದು ಮೆಟ್ಟಿಲು, ಉಸಿರು, ಇನ್ನೊಂದು ಮೆಟ್ಟಿಲು. ಕೆಳಗೆ ನಿಂತ ಚಾಚಾ ಕೈ ಚಾಚಿದರು. ಚಾಚಿ ಆ ಕೈ ಹಿಡಿಯಲಿಲ್ಲ.

ಪ್ಲಾಟಿನಲ್ಲಿ ಆಟೋ ಇಳಿದ ಚಾಚಿ ಬೇವಿನ ಕಡೆ ಒಮ್ಮೆ ನೋಡಿದರು. ಆಮೇಲೆ ಅದಕ್ಕೆ ಬೆನ್ನು ಮಾಡಿ ಪಕ್ಕದ ಬೋಳು ಜಾಗಕ್ಕೆ ಹೋದರು. ಸುಣ್ಣದ ಡಬ್ಬಿಯನ್ನು ಅವರು ಒಂದು ಸಲವೂ ಮುಟ್ಟಿದ್ದು ನನಗೆ ನೆನಪಿಲ್ಲ. ಅದು ಚಾಚಾನ ಕೆಲಸವಾಗಿತ್ತು. ಅವತ್ತು ತಾವೇ ಹಿಡಿದು, ನನ್ನ ಹೆಗಲ ಮೇಲೆ ಒಂದು ಕೈ ಇಟ್ಟು, ಕುಂಟುತ್ತ ಗೆರೆ ಎಳೆದರು. ಗೆರೆ ಅಂಕುಡೊಂಕು. ಒಂದು ಕೋಣೆ, ಪಕ್ಕಕ್ಕೆ ಸಣ್ಣದೊಂದು ಅಡುಗೆಮನೆ. ಮುಗಿಯಿತು. ಒಳಗೆ ಚಾಪೆ ಹಾಸಿಸಿಕೊಂಡು ಕುಳಿತರು.

"ಪಡಸಾಲಿ?" ಗೆರೆಯ ಹೊರಗಿನಿಂದ ಚಾಚಾ ಕೇಳಿದರು.

"ಬ್ಯಾಡ."

"ಮ್ಯಾಲಿನ ಮನಿ?"

"ಬ್ಯಾಡ."

"ಇಷ್ಟ ಏನ? ಇದಕ್ಕ ಇಷ್ಟು ವರ್ಷ ಕಾದ್ವಿ ಏನ?"

ಚಾಚಿ ಆಗ ಅವರ ಮುಖ ನೋಡಿದರು. ನಾನು ಹೋಗಿ ರಸ್ತೆಯ ಮೇಲೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ.

"ಕಾದವರು ನೀವು. ನಾ ಎಲ್ಲಿ ಕಾದೇನಿ? ಆ ಮನಿಯಾಗ ನೀವು ರೇಟ್ ಇಟ್ಟಿದ್ರಿ. ಏರಿದಾಗ ಒಂದು ಖೋಲಿ, ಏರಿದಾಗ ಒಂದು ಖೋಲಿ. ನಾ ಎಲ್ಲಿ ಇದ್ದೆ ಅದರಾಗ? ನನಗ ಒರಗಾಕ ಒಂದು ಗ್ವಾಡಿ ಬೇಕು, ಅಷ್ಟ. ಇದರಾಗ ನಾ ಇರ್ತೇನಿ. ಮಾರೂದಿದ್ರ ನನ್ನನ್ನೂ ಕೂಡೇ ಮಾರ್ರಿ."

ಸೂರ್ಯ ಟಿಕೋಟಾದ ಕಡೆ ಇಳಿಯುತ್ತಿದ್ದ. ಹೊನವಾಡದ ಬಸ್ಸು ಹೋಯಿತು. ಚಾಚಿ ಅದನ್ನು ನೋಡಲಿಲ್ಲ. ಚಾಚಾ ನಿಧಾನಕ್ಕೆ ಗೆರೆಯ ಸುತ್ತ ಒಂದು ಸುತ್ತು ಬಂದರು, ಇನ್ನೊಂದು ಸುತ್ತು ಬಂದರು. ಏನು ಹುಡುಕುತ್ತಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ಕೊನೆಗೆ ಮೊಣಕಾಲೂರಿ ಕುಳಿತು, "ಬಾಗಲಾನ ಬಿಟ್ಟಿಲ್ಲಲ್ಲ ಬೇ ನೀ" ಎಂದರು. ಅಂಗೈಯಿಂದ ಸುಣ್ಣವನ್ನು ಒರೆಸಿ, ಒಬ್ಬರು ಬರುವಷ್ಟು ಜಾಗ ಮಾಡಿ, ಚಪ್ಪಲಿ ಕಳಚಿ ಒಳಗೆ ಹೋಗಿ ಆಕೆಯ ಪಕ್ಕದಲ್ಲಿ ಕುಳಿತರು.

ನಾನು ರಸ್ತೆಯ ಕಡೆ ಮುಖ ಮಾಡಿ ಅತ್ತೆ. ಯಾಕೆ ಮುಚ್ಚಿಡಲಿ?

ಈಗ ಅಲ್ಲಿ ಎರಡು ಕೋಣೆಯ ಮನೆ ಇದೆ. ಗಿಲಾವು ಇನ್ನೂ ಒಳಗೆ ಮಾತ್ರ ಆಗಿದೆ. ಚಾಚಿ ಬೆಳಿಗ್ಗೆ ಎದ್ದು ತಾವೇ ಹೊರಗೆ ಬರುತ್ತಾರೆ, ಗೋಡೆಗೆ ಒರಗಿ ಬಿಸಿಲು ಕಾಯಿಸಿಕೊಳ್ಳುತ್ತಾರೆ. ಚಾಚಾ ದಿನಾ ಬಸ್ಸಿನಲ್ಲಿ ಅಂಗಡಿಗೆ ಬರುತ್ತಾರೆ, ನನ್ನ ಕನ್ನಡಿಗಳು ಮತ್ತೆ ನಡುಗುತ್ತಿವೆ. ಬೇವಿನ ಪ್ಲಾಟು ಹಾಗೇ ಖಾಲಿ ಬಿದ್ದಿದೆ. ಬಾಬು ಹೇಳುವಂತೆ ರೇಣುಕಾ ಈಗ ಯಾವ ರೇಟಿಗೂ ಒಪ್ಪುತ್ತಿಲ್ಲ. ಇನ್ನೊಂದು ವರ್ಷ ತಡೆಯುತ್ತಾಳಂತೆ.

ಹೋದ ಶುಕ್ರವಾರ ಊಟಕ್ಕೆ ಕರೆದಿದ್ದರು. ಊಟದ ನಂತರ ಚಾಚಾ ಕೊಡ ಹಿಡಿದು ಬೇವಿಗೆ ನೀರು ಹಾಕಲು ಹೊರಟರು. ಗಿಡ ಇರುವುದು ಪಕ್ಕದಲ್ಲೇ, ನಾಲ್ಕು ಹೆಜ್ಜೆ. ಸುಣ್ಣದ ಗೆರೆಗಳನ್ನು ಮಳೆ ಯಾವತ್ತೋ ತೊಳೆದುಕೊಂಡು ಹೋಗಿತ್ತು, ಬರೀ ಹುಲ್ಲು ಬೆಳೆದಿತ್ತು. ಆದರೂ ಅವರು ನೆಟ್ಟಗೆ ಹೋಗಲಿಲ್ಲ. ತುಂಬಿದ ಕೊಡ ಹೊತ್ತು ರಸ್ತೆಯ ಕಡೆಗೆ ಹೋಗಿ, ಸುತ್ತು ಹಾಕಿ, ಮೊದಲು ಬಾಗಿಲಿದ್ದ ಜಾಗದಲ್ಲಿ ಚಪ್ಪಲಿ ಕಳಚಿ ಒಳಗೆ ಹೋದರು.

ಗೋಡೆಗೆ ಒರಗಿ ಕುಳಿತ ಚಾಚಿ ಅದನ್ನು ನೋಡುತ್ತಿದ್ದರು.

"ದಿನಾ ಹಂಗ ಮಾಡ್ತಾರ," ಎಂದರು. "ಇರ್ಲಿ ಬಿಡು. ಬಂದು ಮಕ್ಕೊಳ್ಳೂದು ಇಲ್ಲೇ ಅಲ್ಲ?"